ಗದ್ದದವರೆಗೆ ಕಂಬಳಿ

ಆಂಬುಲೆನ್ಸ್ ಕಂಡರೆ ಜನ ದಾರಿ ಬಿಟ್ಟು ಕೈ ಮುಗಿಯುತ್ತಾರೆ ಎಂದು ಯಾರಾದರೂ ಹೇಳಿದರೆ ನನಗೆ ಈಗಲೂ ನಗು ಬರುತ್ತದೆ. ಐವತ್ತರ ದಶಕದ ಕೊನೆಯಿಂದ ಹಲವು ವರ್ಷ ನಾನು ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಸ್ಟ್ರೆಚರ್ ಹೊತ್ತವನು. ಯಾವ ಆಸ್ಪತ್ರೆ ಎಂಬುದು ಬೇಡ. ನಾನು ಕಂಡ ಜನ ಬೇರೆ. ಬೀದಿಯಲ್ಲಿ ತಲೆ ಒಡೆದು ಬಿದ್ದವನ ಬಾಯಿಗೆ ಒಂದು ಲೋಟ ನೀರು ಬಿಡದವರು, ನಮ್ಮ ವ್ಯಾನಿನ ಗಂಟೆ ಕೇಳಿದ ಕೂಡಲೇ ಪಂಚೆ ಎತ್ತಿ ಕಟ್ಟಿ ವೀರರಾಗಿಬಿಡುತ್ತಿದ್ದರು. ಹೊಡೆದವನು ಅಷ್ಟರಲ್ಲಿ ಪರಾರಿ. ಕೈಗೆ ಸಿಗುವವರು ನಾವೇ. ಅದೇ ವೀರ ಇನ್ನೊಂದು ದಿನ ಹೊಟ್ಟೆನೋವೆಂದು ವ್ಯಾನ್ ಹತ್ತಿ, ಮೆಲ್ಲಗೆ ಓಡಿಸಿ ಸ್ವಾಮಿ, ಕುಲುಕುತ್ತೆ ಎಂದು ನಮಗೆ ಬುದ್ಧಿ ಹೇಳುತ್ತಿದ್ದ.

ವ್ಯಾನಿನಲ್ಲಿ ನಾವು ಮೂವರು. ಡ್ರೈವರ್ ಆಂಡರ್ಸನ್‌ಪೇಟೆಯ ತಮಿಳಿನವನು, ಮಿಲಿಟರಿಯಿಂದ ಬಂದವನು. ಬರ್ಮಾದಲ್ಲಿ ಗುಂಡಿನ ನಡುವೆ ಲಾರಿ ಓಡಿಸಿದ ಕತೆಯನ್ನು ದಿನವೂ ಹೇಳುತ್ತಿದ್ದ. ಹೇಳಿದಷ್ಟೂ ಗುಂಡುಗಳು ಹೆಚ್ಚುತ್ತಿದ್ದವು. ಸ್ಟ್ರೆಚರಿನ ಇನ್ನೊಂದು ತುದಿ ಹಿಡಿಯುತ್ತಿದ್ದವನು ಬೂದಿಕೋಟೆ ಕಡೆಯವನು, ನಮ್ಮ ಪಕ್ಕದ ಹಳ್ಳಿ. ವಯಸ್ಸಿನಲ್ಲಿ ದೊಡ್ಡವನಾದ್ದರಿಂದ ಅಣ್ಣ ಎನ್ನುತ್ತಿದ್ದೆ.

ನಮ್ಮ ರಕ್ಷಣೆಗೆಂದು ಒಂದು ದಿನ ಆಸ್ಪತ್ರೆಯ ಸಾಹೇಬರು ಭಾಷಣ ಮಾಡಿದರು. ಗಣಿ ಕೆಲಸಗಾರರ ಸಾಲುಮನೆಗಳನ್ನು ನಾವು ಲೈನು ಎನ್ನುತ್ತಿದ್ದೆವು. ಸಾಹೇಬರು ಆ ಲೈನುಗಳನ್ನು ಕಾರಿನ ಗಾಜಿನೊಳಗಿಂದ ಕಂಡವರು. ಜನ ಕೋಪದಲ್ಲಿದ್ದರೆ ನಯವಾಗಿ ಮಾತಾಡಬೇಕಂತೆ. ದಿಟ್ಟಿಸಿ ನೋಡಬಾರದಂತೆ. ಕಲ್ಲು ಬಂದರೆ ಬಗ್ಗಬೇಕಂತೆ. ಕಲ್ಲು ಬಂದಾಗ ಬಗ್ಗುವುದನ್ನು ಕಲಿಸಲು ಒಬ್ಬ ಸಾಹೇಬರು ಬೇಕಾಯಿತು ನೋಡಿ! ಕೊನೆಗೆ ಡ್ರೈವರನ ಕೈಗೆ ಒಂದು ಸೀಟಿ ಕೊಟ್ಟು, ಅಪಾಯ ಕಂಡರೆ ಊದು, ಜನ ಬರುತ್ತಾರೆ ಎಂದರು. ಜನ ಬರುವುದೇನೋ ನಿಜವೇ. ಲೈನುಗಳಲ್ಲಿ ಸೀಟಿ ಊದುತ್ತಿದ್ದವರು ಗಣಿಯ ಕಾವಲಿನವರು ಮಾತ್ರ, ಅದೂ ಕದ್ದ ಚಿನ್ನದ ಕಲ್ಲು ಹುಡುಕಲು ಮನೆಗಳಿಗೆ ನುಗ್ಗಿ ಮಡಕೆ ಕುಡಿಕೆ ಉರುಳಿಸುವಾಗ. ಆ ಸದ್ದು ಕೇಳಿದರೆ ಮುದುಕಿಯರೂ ಕಲ್ಲು ಆಯ್ದುಕೊಳ್ಳುತ್ತಿದ್ದರು. ಅವರೂ ಖಾಕಿ, ನಾವೂ ಖಾಕಿ. ಇದನ್ನು ಸಾಹೇಬರಿಗೆ ಹೇಳಿದೆವು. ಅವರು ನಯವಾಗಿಯೇ ಕೇಳಿಸಿಕೊಂಡು, ಸೀಟಿ ಕಳೆದುಹೋಗದಿರಲೆಂದು ಕುತ್ತಿಗೆಗೆ ಹಾಕಿಕೊಳ್ಳಲು ಒಂದು ದಾರವನ್ನೂ ಕೊಡಿಸಿದರು.

ನಿಜವಾಗಿ ನಮ್ಮನ್ನು ಕಾಯುತ್ತಿದ್ದುದು ವ್ಯಾನಿನ ಕೆಂಪು ಕಂಬಳಿ. ಅದನ್ನು ಗದ್ದದವರೆಗೆ ಮಾತ್ರ ಹೊದಿಸಬೇಕು. ಮುಖ ಮುಚ್ಚಿದರೆ ಆಳು ಸತ್ತನೆಂದು ಜನಕ್ಕೆ ತಿಳಿಯುತ್ತದೆ. ತಿಳಿದರೆ ಕೊಂದವರು ನಾವೇ. ಅದಕ್ಕೇ ಸತ್ತವನ ಮುಖವನ್ನೂ ತೆರೆದಿಟ್ಟು, ಅವನೊಂದಿಗೆ ಮಾತಾಡುತ್ತಾ ಹೊರುತ್ತಿದ್ದೆವು. ಮಾತು ಅಣ್ಣನದು. ತಮಿಳಿನವನಾದರೆ, "ಒಣ್ಣುಮಿಲ್ಲ ತಂಬಿ, ಇದೋ ಆಸ್ಪತ್ರಿ ವಂದಾಚ್ಚು." ತೆಲುಗಿನವನಾದರೆ, "ಏಂ ಕಾಲೇದು ನಾಯನಾ, ಆಸ್ಪತ್ರಿ ವಚ್ಚೇಸಿಂದಿ." ಏನೂ ಆಗಿಲ್ಲ, ಆಸ್ಪತ್ರೆ ಬಂದೇಬಿಟ್ಟಿತು, ಅಷ್ಟೇ. ಆ ದನಿ ಎಷ್ಟು ಮೆತ್ತಗಿರುತ್ತಿತ್ತೆಂದರೆ ಗೋಳಾಡುತ್ತಿದ್ದ ಹೆಂಗಸರು ಸುಮ್ಮನಾಗುತ್ತಿದ್ದರು. ಆಸ್ಪತ್ರೆ ದಾರಿಯ ರೈಲ್ವೆ ಗೇಟು ದಾಟಿ ಜನ ಹಿಂದೆ ಉಳಿದರೆ ಮುಗಿಯಿತು, ಅಣ್ಣ ಮಾತನ್ನು ಅರ್ಧಕ್ಕೇ ಬಿಟ್ಟು, ಕಂಬಳಿಯನ್ನು ಸತ್ತವನ ಮುಖದ ಮೇಲೆ ಎಳೆದು, ಬೀಡಿ ಹಚ್ಚುತ್ತಿದ್ದ.

"ನೀನು ನಾಟ್ಕದ ಕಂಪ್ನಿ ಸೇರ್ಬೇಕಾಗಿತ್ತು ಕಣಣ್ಣ," ಎಂದು ನಾನು ರೇಗಿಸುತ್ತಿದ್ದೆ.

"ನಾಟ್ಕದಾಗೆ ಚಪ್ಲಿ ಎಸೀತಾರೆ ಅಷ್ಟೇ ಕಣ್ಲಾ. ಇಲ್ಲಿ ಕಲ್ಲು," ಎನ್ನುತ್ತಿದ್ದ.

ಒಂದು ಭಾನುವಾರ ಮಧ್ಯಾಹ್ನ ಉರಿಗಾಂ ಲೈನೊಂದರಲ್ಲಿ ನಲ್ಲಿ ನೀರಿನ ಸರದಿಗಾಗಿ ಭಾವ ಮೈದುನರು ಜಗಳವಾಡಿದರು. ಮೈದುನ ತುಂಬಿದ ಹಿತ್ತಾಳೆ ಬಿಂದಿಗೆ ಎತ್ತಿ ಭಾವನ ತಲೆಗೆ ಹಾಕಿದ. ನಾವು ತಲುಪಿದಾಗ ಹೊಡೆದವನು ಇರಲಿಲ್ಲ. ಬಿದ್ದವನು ಕೆಸರಿನಲ್ಲೇ ಇದ್ದ. ಸುತ್ತ ನೆರೆದವರಲ್ಲಿ ಯಾರೂ ಅವನನ್ನು ಮುಟ್ಟಿರಲಿಲ್ಲ, ಆದರೆ ನಲ್ಲಿಯ ಮುಂದಿನ ಸರದಿ ಮಾತ್ರ ಅಚ್ಚುಕಟ್ಟಾಗಿ ಮುಂದುವರಿದಿತ್ತು. ಅಣ್ಣ ಅವನ ಕತ್ತಿಗೆ ಬೆರಳಿಟ್ಟು ನೋಡಿ ನನ್ನ ಕಡೆ ತಿರುಗಿದ. ಉಸಿರು ಹೋಗಿದೆಯೆಂದು ನನಗೆ ತಿಳಿಯಿತು. ಗದ್ದದವರೆಗೆ ಕಂಬಳಿ ಹೊದಿಸಿ ಎತ್ತಿದೆವು. "ಒಣ್ಣುಮಿಲ್ಲ ತಂಬಿ," ಎಂದು ಅಣ್ಣ ಶುರು ಮಾಡಿದ. ಅವನ ಮಾತು ನಂಬಿ ಸತ್ತವನ ಹೆಂಡತಿಯೇ ಮುಂದೆ ಓಡಿ, ಜನರನ್ನು ತಳ್ಳಿ, ನಮಗೆ ದಾರಿ ಮಾಡಿಕೊಟ್ಟಳು.

ಸ್ಟ್ರೆಚರ್ ಒಳಗೆ ಸೇರಿತು. ಅಣ್ಣನೂ ಹತ್ತಿದ. ಹಿಂದಿನ ಬಾಗಿಲು ಹಾಕಿ ಹತ್ತುವುದಷ್ಟೇ ನನಗೆ ಉಳಿದದ್ದು. ಆಗ ಒಂದಷ್ಟು ಜನ ಸುಮ್ಮನೆ ಇಣುಕಲೆಂದು ವ್ಯಾನಿನ ಮುಂದಕ್ಕೆ ಬಂದರು. ಬರ್ಮಾದ ವೀರನಿಗೆ ಅಷ್ಟೇ ಸಾಕಾಯಿತು. ಕುತ್ತಿಗೆಯ ದಾರ ಎಳೆದುಕೊಂಡು, ಕೆನ್ನೆ ಉಬ್ಬಿಸಿ ಸೀಟಿ ಊದಿದ.

ಸಾಹೇಬರ ಮಾತು ಸುಳ್ಳಾಗಲಿಲ್ಲ, ಪ್ರತಿ ಮನೆಯಿಂದಲೂ ಜನ ಬಂದರು. ಮೊದಲ ಕಲ್ಲು ಬಾಗಿಲಿಗೆ ಬಿತ್ತು. ನಾನು ಬಗ್ಗಿದೆ. ಬಗ್ಗಿದ್ದರಿಂದಲೇ ಎರಡನೆಯದು ಸರಿಯಾಗಿ ಕಿವಿಯ ಹಿಂದೆ ಬಿತ್ತು.

ಅಣ್ಣ ಅಂಗಿ ಹಿಡಿದು ನನ್ನನ್ನು ಒಳಗೆಳೆದದ್ದು, ಎದುರಿನ ಖಾಲಿ ಸ್ಟ್ರೆಚರಿನ ಮೇಲೆ ಕೆಡವಿ ಇನ್ನೊಂದು ಕಂಬಳಿ ಹೊಟ್ಟೆಯವರೆಗೆ ಹೊದಿಸಿದ್ದು, ವ್ಯಾನ್ ಹೊರಟದ್ದು ಮಸುಕಾಗಿ ನೆನಪಿದೆ. ಸ್ವಲ್ಪ ದೂರಕ್ಕೇ ನಿಂತಿತು. ಬಂಗಾರಪೇಟೆ ರೈಲಿಗೆಂದು ಗೇಟು ಹಾಕಿದ್ದರು. ಬೆನ್ನಟ್ಟಿದವರು ಬಂದು ವ್ಯಾನಿನ ತಗಡು ಬಡಿಯತೊಡಗಿದರು. ಹಿಂದಿನ ಗಾಜಿನ ತುಂಬ ಮುಖಗಳು. ಅಣ್ಣ ನಮ್ಮಿಬ್ಬರ ನಡುವೆ ಕುಳಿತು, ಒಂದು ಕೈ ಸತ್ತವನ ಎದೆಯ ಮೇಲೆ, ಒಂದು ಕೈ ನನ್ನ ಎದೆಯ ಮೇಲೆ ಇಟ್ಟಿದ್ದ. ಆ ಕಡೆ ತಿರುಗಿ, "ಒಣ್ಣುಮಿಲ್ಲ ತಂಬಿ, ಆಸ್ಪತ್ರಿ ವಂದಾಚ್ಚು." ಈ ಕಡೆ ತಿರುಗಿ, "ಏನೂ ಆಗಿಲ್ಲ ಕಣ್ಲಾ, ಆಸ್ಪತ್ರೆ ಬಂದೇಬಿಡ್ತು."

ಆ ಮಾತನ್ನು ನಾನು ಕನ್ನಡದಲ್ಲಿ ಕೇಳಿದ್ದು ಅದೇ ಮೊದಲು. ಅದೇ ಮೆತ್ತನೆಯ ದನಿ. ಕಲ್ಲಿಗೂ ಹೆದರದವನು ಆ ದನಿಗೆ ಹೆದರಿಬಿಟ್ಟೆ. ಅಣ್ಣಾ, ನಾನು ಸತ್ತೆನಾ ಎಂದು ಕೇಳಲು ಬಾಯಿ ತೆರೆದರೆ ನಾಲಿಗೆ ಹೊರಳಲಿಲ್ಲ. ಕೈ ಎತ್ತಲು ನೋಡಿದೆ, ಬರಲಿಲ್ಲ. ನೋವು ಕೂಡ ಇರಲಿಲ್ಲ. ನೋವಿದ್ದರೆ ಎಷ್ಟೋ ಧೈರ್ಯವಾಗಿರುತ್ತಿತ್ತು. ಅಣ್ಣ ಮಾತ್ರ ಇಬ್ಬರಿಗೂ ಸಮನಾಗಿ ಅದೇ ಮಾತನ್ನು ಹಂಚುತ್ತಲೇ ಇದ್ದ.

ರೈಲು ಹೋಯಿತು. ಗೇಟು ತೆರೆಯಿತು. ವ್ಯಾನ್ ಹಳಿ ದಾಟಿ ಓಡಿತು, ತಗಡಿನ ಬಡಿತ ಹಿಂದಾಯಿತು. ಅಣ್ಣನ ಮಾತು ನಿಂತಿತು. ಆ ಕಡೆ ಅವನು ಸತ್ತವನ ಮುಖದ ಮೇಲೆ ಕಂಬಳಿ ಎಳೆದದ್ದು ಕಂಡಿತು. ಆಮೇಲೆ ನನ್ನ ಕಡೆ ತಿರುಗಿ ನನ್ನ ಕಂಬಳಿಗೆ ಕೈ ಹಾಕಿದ. ಅದು ಹೊಟ್ಟೆಯಿಂದ ಎದೆಗೆ ಬಂತು, ಎದೆಯಿಂದ ಕತ್ತಿಗೆ ಬಂತು. ಬೇಡ ಬೇಡ ಎಂದು ಒಳಗೊಳಗೇ ಕೂಗಿಕೊಂಡೆ. ನಮ್ಮವ್ವನ ನೆನಪಾಯಿತು. ಕಂಬಳಿ ಗದ್ದದ ಹತ್ತಿರ ನಿಂತಿತು.

"ಕಣ್ ಮುಚ್ಚಿದ್ಯೋ ಕಪಾಳಕ್ಕೆ ಬಾರಿಸ್ತೀನಿ ನೋಡು!" ಎಂದು ಅಣ್ಣ ಬೈಯತೊಡಗಿದ. "ಮುಂಡೇದೆ, ನಿಮ್ಮವ್ವನ ಮುಂದೆ ಓಗಿ ನಾನೇನಂತ ಏಳ್ಲಿ? ನನ್ನೇ ನೋಡ್ತಿರ್ಲಾ!" ಆ ಮೆತ್ತನೆಯ ದನಿ ಎಲ್ಲೋ ಹೋಗಿತ್ತು. ಗಂಟಲು ಒಡೆದಿತ್ತು, ಕಣ್ಣು ಮೂಗು ಸೋರುತ್ತಿದ್ದವು. ಬೈಗುಳ ಕೇಳಿದ ಮೇಲೆಯೇ ನಾನು ಬದುಕಿದ್ದೇನೆಂದು ನನಗೆ ನಂಬಿಕೆ ಬಂದದ್ದು.

ಎಡಗಿವಿ ಮಂದವಾಗಿ ಉಳಿಯಿತು. ವಿಚಾರಣೆ ನಡೆಯಿತು. ಸೀಟಿ ಕೆಲಸ ಮಾಡಿತೇ ಎಂದು ಸಾಹೇಬರು ಕೇಳಿದರು, ಬಹಳ ಚೆನ್ನಾಗಿ ಮಾಡಿತು ಸಾರ್ ಎಂದ ಡ್ರೈವರ್. ಉಳಿದ ವ್ಯಾನುಗಳಿಗೂ ಸೀಟಿ ಬಂದವು, ದಾರದ ಸಮೇತ.

ಮುಂದೆ ಅಣ್ಣನಿಗೆ ಎದೆನೋವು ಬಂದು ಅವನು ಕೆಲಸ ಬಿಟ್ಟು ಬೂದಿಕೋಟೆ ಕಡೆ ಹೋದ. ಸತ್ತವರ ಜೊತೆ ಮಾತಾಡುವುದು ನನ್ನ ಪಾಲಿಗೆ ಬಂತು. ಮೊದಲ ಸಲ ಚಾಂಪಿಯನ್ ಗಣಿ ಕಡೆಯ ಒಬ್ಬ ಮುದುಕ, ತೆಲುಗಿನವನು. ಜನ ಕಾಣುವವರೆಗೂ ಮಾತಾಡಿದೆ. ವ್ಯಾನ್ ಗೇಟು ದಾಟಿತು. ನಾನು ನಿಲ್ಲಿಸಲಿಲ್ಲ.

"ಗೇಟ್ ದಾಟಿ ಆಚ್ಚಪ್ಪಾ. ಇನ್ನು ಯಾರಿಗೆ ಏಳ್ತೀಯ? ಯಾರ್ ಕೇಳ್ತಾರೆ?" ಎಂದು ಡ್ರೈವರ್ ಮುಂದಿನಿಂದ ನಕ್ಕ.

"ನೀನು ರೋಡು ನೋಡ್ಕೊಂಡು ಓಡ್ಸು," ಎಂದೆ.

ಹಿಂದಿನ ಗಾಜಿನಲ್ಲಿ ಯಾರೂ ಇರಲಿಲ್ಲ. ಆ ಮುದುಕನ ಕಂಬಳಿಯನ್ನು ಗದ್ದದ ಹತ್ತಿರವೇ ಹಿಡಿದುಕೊಂಡು, ಆಸ್ಪತ್ರೆಯ ಬಾಗಿಲವರೆಗೂ ಮಾತಾಡಿದೆ.