ಮೂರು ಆಕಳಿಕೆ, ಎರಡು ಸುಳ್ಳು

ಸ್ಟುಡಿಯೋದಲ್ಲಿ ಅವಳನ್ನು ಎಲ್ಲರೂ ಕರೆಯುವುದೇ ಗಡಿಬಿಡಿ ಎಂದು. ಒಂದು ಕೈಯಲ್ಲಿ ಚಹಾ, ಇನ್ನೊಂದು ಕೈ ಕೀಬೋರ್ಡಿನ ಮೇಲೆ, ಹೆಗಲ ಮೇಲೆ ಬೆಳಿಗ್ಗೆ ಮಗಳು ಕಕ್ಕಿದ ಹಾಲಿನ ಕಲೆ. ಫೋಟೋಗ್ರಾಫರ್ ತಂದ ಮೆಮೊರಿ ಕಾರ್ಡಿನಿಂದ ಚಿತ್ರಗಳನ್ನು ಕಂಪ್ಯೂಟರಿಗೆ ಇಳಿಸುವುದು, ಆಮೇಲೆ ಕಾರ್ಡು ಅಳಿಸಿ ಖಾಲಿ ಮಾಡಿ ಕೊಡುವುದು ಅವಳ ಕೆಲಸ. ದಿನಾ ಅದನ್ನೇ ಮಾಡಿ ಬೇಸತ್ತು, ತಾನೇ ಕಲಿತು, ಕಂಪ್ಯೂಟರಿಗೆ ಸಾಲುಸಾಲಾಗಿ ಅಪ್ಪಣೆ ಕೊಡುವ ಒಂದು ಶೆಲ್ ಸ್ಕ್ರಿಪ್ಟ್ ಬರೆದುಕೊಂಡಿದ್ದಳು. ಅದರಲ್ಲಿ ಎರಡು ಫಂಕ್ಷನ್: ಒಂದು ಇಳಿಸುತ್ತದೆ, ಅದು ಗೆದ್ದರೆ ಮಾತ್ರ ಇನ್ನೊಂದು ಅಳಿಸುತ್ತದೆ. ಎಲ್ಲೇ ಎಡವಿದರೂ ಅಲ್ಲೇ ನಿಲ್ಲು ಅಂತ ಮೇಲ್ಗಡೆ ‘ಸೆಟ್ ಮೈನಸ್ ಇ’ ಬೇರೆ. ಇನ್ನೇನು, ಕಾಲು ಚಾಚಿ ಕೂರುವುದೊಂದೇ ಬಾಕಿ.

ಆ ದಿನದ ಕಾರ್ಡಿನಲ್ಲಿದ್ದದ್ದು ಒಂದೇ ಬಸಿರಲ್ಲಿ ಹುಟ್ಟಿದ ಮೂರು ಕೂಸುಗಳ ಮೊದಲ ವಾರದ ಚಿತ್ರಗಳು. ಮಧ್ಯಾಹ್ನ ತಾಯಿ ನೋಡಲು ಬರುವವಳಿದ್ದಳು. ಗಡಿಬಿಡಿ ಸ್ಕ್ರಿಪ್ಟ್ ಓಡಿಸಿದ್ದೇ ತಡ, ‘ಇಳಿಸಿ ಆಯ್ತು, ಅಳಿಸಿ ಆಯ್ತು’ ಎಂದಿತು. ಇಷ್ಟು ಬೇಗವಾ? ಫೋಲ್ಡರ್ ತೆರೆದಳು. ಖಾಲಿ. ಫೋಟೋಗ್ರಾಫರ್ ಕಡೆ ತಿರುಗಿದಳು.

“ಅಣ್ಣಾ, ಆ ಕೂಸುಗಳ ಫೋಟೋ ಇನ್ನೊಂದ್ಸಲ ತೆಗೀಬಹುದಾ?”

“ಏನ್ ಮಾಡ್ದೆ?” ಫೋಟೋಗ್ರಾಫರ್ ಹುಬ್ಬೇರಿಸಿದ.

“ಏನಿಲ್ಲ, ಸುಮ್ನೆ ಕೇಳ್ದೆ.”

“ತಿಂಗಳಾಯ್ತು ಕಣಮ್ಮ, ಕಾರ್ಡು ನನ್ನ ಚೀಲದಲ್ಲೇ ಉಳಿದಿತ್ತು. ಈಗವು ಗುಂಡುಗುಂಡಗಾಗಿವೆ. ಆ ಗುಬ್ಬಿಬಾಯಿ ಆಕಳಿಕೆ ಇನ್ನೆಲ್ಲಿ ಸಿಗುತ್ತೆ?”

ಅವಳಿಗೆ ಅಳುವೇ ಬಂತು. ಅಷ್ಟರಲ್ಲಿ ಮನೆಯಿಂದ ಗಂಡನ ಫೋನು, ಹಿಂದೆ ಮಗಳ ಕಿರುಚಾಟ.

“ಊಟ ಮಾಡಿಸಿದ್ರಾ?”

“ಆಯ್ತು.”

“ಮತ್ಯಾಕೆ ಅಳ್ತಿದಾಳೆ?”

“ಹಸಿವು ಅನ್ಸುತ್ತೆ.”

“ಆಯ್ತು ಅಂದ್ರಲ್ರೀ!”

“ಒಂದು ತುತ್ತೂ ಒಳಗೆ ಹೋಗ್ಲಿಲ್ಲ, ಎಲ್ಲಾ ಉಗುಳಿದ್ಲು. ಆಮೇಲೆ ಬಾಯಿ ಒರೆಸ್ದೆ. ಅದಾಯ್ತು.”

ಗಡಿಬಿಡಿ ಕುರ್ಚಿಯಿಂದ ಜಿಗಿದೇಬಿಟ್ಟಳು. “ಅಯ್ಯೋ, ನೀವು ಥೇಟ್ ನನ್ನ ಫಂಕ್ಷನ್ನು ಕಣ್ರೀ! ಮೊದ್ಲು ಅವಳಿಗೆ ಬಾಳೆಹಣ್ಣು ಕೊಡಿ!”

ಫೋನಿಟ್ಟು ಸ್ಕ್ರಿಪ್ಟನ್ನು ಸಾಲುಸಾಲಾಗಿ ನೋಡಿದಳು. ಡಿಸ್ಕಿನಲ್ಲಿ ಜಾಗ ಇರಲಿಲ್ಲ, ನಕಲು ಆಗಲೇ ಇಲ್ಲ. ಫಂಕ್ಷನ್ ಮಾತ್ರ ಮುಂದಕ್ಕೆ ಹೋಗಿ ಕೊನೆಯ ಸಾಲಿನ ‘ಇಳಿಸಿ ಆಯ್ತು’ ಬರೆದಿತ್ತು. ಬರೆಯುವುದು ಗೆದ್ದಿತು, ಕೊನೆಯ ಸಾಲು ಗೆದ್ದರೆ ಇಡೀ ಫಂಕ್ಷನ್ನೇ ಗೆದ್ದ ಲೆಕ್ಕ. ಮತ್ತೆ ಆ ‘ಸೆಟ್ ಮೈನಸ್ ಇ’? ಫಂಕ್ಷನ್ನನ್ನು ‘ಇಫ್’, ಅಂದರೆ ‘ಗೆದ್ದರೆ’, ಅನ್ನುವುದರ ಜೊತೆ ಕರೆದಿದ್ದಳಲ್ಲ, ಸೋಲು ಗೆಲುವು ವಿಚಾರಿಸುವವರು ಇದ್ದೇ ಇದ್ದಾರೆ, ನನಗ್ಯಾಕೆ ಊರ ಉಸಾಬರಿ ಅಂತ, ಅಪ್ಪಣೆಗಳನ್ನು ನಡೆಸುವ ಶೆಲ್ ಆ ನಿಯಮವನ್ನು ಫಂಕ್ಷನ್ನಿನೊಳಗೆ ಕೈಬಿಟ್ಟಿತ್ತು.

ತಟ್ಟನೆ ಹೊಳೆಯಿತು. ಅಳಿಸುವ ಫಂಕ್ಷನ್ನನ್ನೂ ಬರೆದದ್ದು ತಾನೇ! ಅದೂ ಇದೇ ಅಚ್ಚಿನದು. ಹಾಗಾದರೆ ‘ಅಳಿಸಿ ಆಯ್ತು’ ಅನ್ನುವುದೂ ಸುಳ್ಳಿರಬಹುದಲ್ಲ?

ಕಾರ್ಡು ಎಳೆದು ನೋಡಿದಳು. ಪಕ್ಕದ ಪುಟ್ಟ ಲಾಕು ಕೆಳಗಿತ್ತು. ಲಾಕಾದ ಕಾರ್ಡಿನಿಂದ ಏನನ್ನೂ ಅಳಿಸಲಾಗುವುದಿಲ್ಲ.

“ಓ, ಅದಾ? ಚೀಲದಲ್ಲಿ ಬಿದ್ದಿರುತ್ತಲ್ಲ ಅಂತ ನಾನೇ ಲಾಕ್ ಮಾಡಿದ್ದೆ,” ಎಂದ ಫೋಟೋಗ್ರಾಫರ್.

“ಅಣ್ಣಾ, ನಿಮ್ಮ ಬಾಯಿಗೆ ಸಕ್ಕರೆ ಹಾಕ!”

ಚಿತ್ರಗಳೆಲ್ಲ ಕಾರ್ಡಿನಲ್ಲೇ ಹಾಯಾಗಿದ್ದವು. ಆದರೂ ಅವಳು ತಕ್ಷಣ ಇಳಿಸಲಿಲ್ಲ. ಮೊದಲು ಒಂದೊಂದು ಹೆಜ್ಜೆಯ ಪಕ್ಕದಲ್ಲೂ ‘ಆಗದಿದ್ದರೆ ಇಲ್ಲಿಂದಲೇ ವಾಪಸ್ಸು ಬಂದು, ಸೋತೆ ಅನ್ನು’ ಅಂತ ಬರೆದಳು. ನಕಲನ್ನು ಮೂಲದ ಜೊತೆ ಹೋಲಿಸಿ ನೋಡುವ ತನಕ ಅಳಿಸುವ ಮಾತೇ ಬೇಡ ಅಂತಲೂ ಸೇರಿಸಿದಳು. ಡಿಸ್ಕು ತುಂಬಿರುವಾಗಲೇ ಬೇಕೆಂದೇ ಮತ್ತೆ ಓಡಿಸಿದಳು. ಪರದೆಯ ಮೇಲೆ ಕೆಂಪಗೆ ಬಂತು: ‘ಜಾಗ ಇಲ್ಲ. ಇಳಿಸಲಿಲ್ಲ. ಅಳಿಸುವುದಿಲ್ಲ.’

ಗಡಿಬಿಡಿ ಕುಣಿದಳು. ಸದ್ದು ಕೇಳಿ ಸ್ಟುಡಿಯೋ ಯಜಮಾನರು ಇಣುಕಿದರು.

“ಏನಮ್ಮಾ, ಕೆಟ್ಟಿದ್ದಕ್ಕೆ ಕುಣೀತೀಯಾ?”

“ಕೆಟ್ಟಿದೆ ಅಂತ ಅದೇ ಬಾಯ್ಬಿಟ್ಟು ಹೇಳ್ತು ಸಾರ್!”

ಬೇರೆ ಡಿಸ್ಕು ಹಾಕಿ, ಇಳಿಸಿ, ಹೋಲಿಸಿ ಮುಗಿಸುವಷ್ಟರಲ್ಲಿ ತಾಯಿ ಬಂದಳು, ಕಣ್ಣ ಕೆಳಗೆ ತಿಂಗಳ ನಿದ್ದೆ ಬಾಕಿ. ಪರದೆಯ ತುಂಬ ಮೂರು ಗುಬ್ಬಿಬಾಯಿಗಳು ಸಾಲಾಗಿ ಆಕಳಿಸುತ್ತಿದ್ದವು. ನೋಡನೋಡುತ್ತ ಅವಳಿಗೂ ಆಕಳಿಕೆ ಬಂತು, ಗಡಿಬಿಡಿಗೂ ಬಂತು, ಕೊನೆಗೆ ಯಜಮಾನರಿಗೂ.

“ಇದರಲ್ಲಿ ದೊಡ್ಡವನು ಯಾರಮ್ಮಾ, ಅವನ ಫೋಟೋ ಮೊದ್ಲು ಪ್ರಿಂಟ್ ಹಾಕ್ಲಾ?” ಎಂದು ಅವರು ಬಾಯಿ ಮುಚ್ಚಿಕೊಳ್ಳುತ್ತ ಕೇಳಿದರು.

“ಫೋಟೋದಲ್ಲಿ ನಂಗೂ ಗೊತ್ತಾಗ್ತಿಲ್ಲ ಸಾರ್,” ಎಂದು ಆ ತಾಯಿ ಬಿದ್ದು ಬಿದ್ದು ನಕ್ಕಳು. “ಮೂರೂ ಕೊಟ್ಬಿಡಿ!”