ಎರಡೂ ಎಡತೋಳು

ಟೈಲರ್ ಅಂಗಡಿಯ ಕಟಿಂಗ್ ಮಾಸ್ಟರನ ಜಂಬವೆಲ್ಲ ಅವನ ಬಲಗೈ ಬೆರಳ ತುದಿಯಲ್ಲಿತ್ತು. ಕಪ್ಪು ಬಟ್ಟೆಯ ಎರಡೂ ಮೈ ಕಣ್ಣಿಗೆ ಒಂದೇ ಥರ ಕಂಡರೂ ಅವನು ಕಣ್ಣು ಮುಚ್ಚಿ, ಹೆಬ್ಬೆರಳಿನಿಂದ ಉಜ್ಜಿ, "ಇದು ಹೊರಮೈ" ಎನ್ನುತ್ತಿದ್ದ. ಮೂವತ್ತು ವರ್ಷ ಇದನ್ನೇ ಕೊಚ್ಚಿಕೊಂಡ. ಮೂಲೆಯಲ್ಲಿ ಗುಂಡಿ ತೂತಿಗೆ ಕಾಜಾ ಹೊಲಿಯುತ್ತಿದ್ದ ಅವನ ತಂಗಿಗೆ ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿತ್ತು.

ಆರು ವರ್ಷದ ಹಿಂದೆ ಅವಳ ಬೆರಳುಗಳು ಜೋಮು ಹಿಡಿದಾಗ ಈ ಮಹಾಶಯ ಗಿರಾಕಿಗಳ ಮುಂದೆಯೇ ನಕ್ಕಿದ್ದ. "ಕೆಲಸ ಅಂದ್ರೆ ಸಾಕು, ಇವಳ ಕೈಗೆ ನಿದ್ದೆ ಬರುತ್ತೆ!"

ಅವಳು ಒಬ್ಬಳೇ ಆಸ್ಪತ್ರೆಗೆ ಹೋದಳು. ಮಣಿಕಟ್ಟಿನೊಳಗಿನ ಇಕ್ಕಟ್ಟಾದ ದಾರಿಯಲ್ಲಿ ಬೆರಳು ಮಡಚುವ ನಾರುಗಳೂ ಒಂದು ನರವೂ ಒಟ್ಟಿಗೆ ಹಾದುಹೋಗುತ್ತವೆ, ನಾರುಗಳ ಪೊರೆ ದಪ್ಪಗಾಗಿ ಗಟ್ಟಿಯಾಗಿದೆ, ನಡುವೆ ನರ ಚಪ್ಪಟೆಯಾಗಿದೆ ಎಂದರು ಡಾಕ್ಟರಮ್ಮ. ಆಪರೇಷನ್ ಆಯಿತು, ಕೈ ಉಳಿಯಿತು. ಅಣ್ಣ ಮಾತ್ರ ಹೊಲಿಗೆಯ ಗುರುತು ನೋಡಿ "ನಾಟಕಕ್ಕೆ ಸರ್ಟಿಫಿಕೇಟು" ಎಂದ.

ಈಗ ಮೂರು ವರ್ಷದಿಂದ ಅವನೇ ಮೇಜಿನ ಕೆಳಗೆ ಕದ್ದು ಕೈ ಕೊಡವುತ್ತಿದ್ದ. ಚಾಕ್‌ಪೀಸು ಜಾರಿದರೆ ಚಾಕ್‌ಪೀಸನ್ನೇ ಬೈಯುತ್ತಿದ್ದ.

"ಅಣ್ಣಾ, ತೋರಿಸ್ಕೊಂಡು ಬಾ."

"ನಿನ್ನ ಥರ ಸೋಂಬೇರಿ ಅಂದ್ಕೊಂಡ್ಯಾ?"

ಹಾಳಾಗಿ ಹೋಗಲಿ ಎಂದು ಅವಳು ಮತ್ತೆ ಕಾಜಾ ಹಿಡಿದಳು.

ಮೊನ್ನೆ ಒಬ್ಬ ಗಿರಾಕಿಯ ಕೋಟಿನ ಬಟ್ಟೆ ಬಂತು. ಮಾಸ್ಟರ್ ಎಂದಿನಂತೆ ಕಣ್ಣು ಮುಚ್ಚಿ, ಉಜ್ಜಿ, ಗತ್ತಿನಿಂದ ಒಂದು ತೋಳು ಕತ್ತರಿಸಿದ. ಉಳಿದ ತುಂಡನ್ನು ಮತ್ತೆ ಉಜ್ಜಿ ನೋಡಿ ಹಾಸಿ ಇನ್ನೊಂದನ್ನು ಕತ್ತರಿಸಿದ. ತಂಗಿ ಎರಡನ್ನೂ ಉಜ್ಜಿ, ಹೊರಮೈ ಮೇಲಿಟ್ಟು ನೋಡಿದರೆ ಎರಡೂ ಎಡಗೈಯವೇ; ಒಂದರ ಒಳಮೈಯನ್ನೇ ಅವನು ಹೊರಮೈ ಎಂದುಕೊಂಡಿದ್ದ. ಬಲತೋಳಿಗೆ ಬಟ್ಟೆ ಉಳಿದಿರಲಿಲ್ಲ.

"ನೀನೇ ತಿರುಗಿಸಿ ಇಟ್ಟಿದ್ದೀಯ!" ಎಂದು ಅವನು ಅವಳ ಮೇಲೆ ಹರಿಹಾಯ್ದ.

ಅವಳು ಅವನ ಅಂಗೈ ಹಿಡಿದುಕೊಂಡಳು. ಹೆಬ್ಬೆರಳ ಬುಡದ ಮಾಂಸ ಇಂಗಿ ಗುಳಿ ಬಿದ್ದಿತ್ತು. ತೋರುಬೆರಳ ತುದಿಗೆ ಸೂಜಿ ಚುಚ್ಚಿದಳು. ರಕ್ತದ ಹನಿ ಕಣ್ಣಿಗೆ ಬಿದ್ದ ಮೇಲಷ್ಟೇ ಅವನು ಕೈ ಕಿತ್ತುಕೊಂಡ.

ಆಸ್ಪತ್ರೆಯಲ್ಲಿ ಅದೇ ಡಾಕ್ಟರಮ್ಮ ಕೇಳಿದರು, "ಎಷ್ಟು ದಿನದಿಂದ?"

"ಒಂದು ತಿಂಗಳು."

"ಮೂರು ವರ್ಷ," ಎಂದಳು ತಂಗಿ.

ಡಾಕ್ಟರಮ್ಮ ನಿಟ್ಟುಸಿರುಬಿಟ್ಟರು. ಆಪರೇಷನ್ ಮಾಡಬಹುದು, ಆದರೆ ಇಂಗಿದ ಮಾಂಸವೂ ಹೋದ ಸ್ಪರ್ಶವೂ ಪೂರ್ತಿ ವಾಪಸ್ ಬರುತ್ತವೆಂದು ಹೇಳಲಾಗದು ಎಂದರು.

ಮರುದಿನ ಅವನು ಮೇಜಿನ ಮುಂದೆ ತನ್ನ ಅಂಗಿಯ ಗುಂಡಿ ಹಾಕಲಾಗದೆ ಒದ್ದಾಡುತ್ತಿದ್ದ. ಅವಳು ಹಾಕಿದಳು. ಕನಿಕರ ಬರಲಿಲ್ಲ, ಬರಲೆಂದು ಕಾಯಲೂ ಇಲ್ಲ. ಅವನ ಕತ್ತರಿ ಎತ್ತಿಕೊಂಡಳು.

"ಪಕ್ಕಕ್ಕೆ ಸರಿ ಅಣ್ಣಾ. ಬೆಳಕಿಗೆ ಅಡ್ಡ ನಿಂತಿದ್ದೀಯ."