ಮಾನ್ ತ್ಸೌ ಅಜ್ಜಿ

ಸೌತೆಕಾಯಿ ಉಪ್ಪಿನಕಾಯಿ ಖಾಲಿಯಾದ ಗಾಜಿನ ಬಾಟಲಿ, ಅದರೊಳಗೆ ಬಿಸಿನೀರಲ್ಲಿ ಈಜಾಡುವ ಚಹಾ ಎಲೆ. ಅದನ್ನು ಎದೆಗವುಚಿಕೊಂಡೇ ಅಜ್ಜಿ ಮೆಟ್ಟಿಲಿಳಿಯುತ್ತಿದ್ದರು. ಚೀನಾದಿಂದ ಜರ್ಮನಿಗೆ ಬಂದು, ಎರ್ಲಾಂಗೆನ್‌ನ ಯೂನಿವರ್ಸಿಟಿ ಲ್ಯಾಬಿನಲ್ಲಿ ದುಡಿದು ನಿವೃತ್ತರಾದವರು. ಜರ್ಮನಿಯವರೂ ಆಗ ಕಂಪ್ಯೂಟರ್ ಕೆಲಸದವರಿಗೆ ಕೊಡುತ್ತಿದ್ದ ಗ್ರೀನ್ ಕಾರ್ಡ್ ಹಿಡಿದು ಹುಬ್ಬಳ್ಳಿಯಿಂದ ಹೋದ ನಮಗೆ ಅವರು ಎದುರು ಬಾಗಿಲಿನ ನೆರೆಯವರು.

ಯಾರನ್ನು ಕಳಿಸುವಾಗಲೂ ಅವರದು ಒಂದೇ ಮಾತು: "ಮಾನ್ ತ್ಸೌ." ಮಾನ್ ಎಂದರೆ ನಿಧಾನ, ತ್ಸೌ ಎಂದರೆ ನಡೆ.

"ಹಾಗಂತ ನಿಧಾನವಾಗಿ ನಡೆಯಬೇಕಿಲ್ಲ," ಎಂದು ವಿವರಿಸಿದರು. "ನೀನು ಓಡುತ್ತಿದ್ದರೂ ಹೇಳುತ್ತೇವೆ. ಜೋಪಾನ ಅಂತ." ಊಟಕ್ಕೆ ಕೂತವರಿಗೂ ಮಾನ್ ಮಾನ್ ಎನ್ನುತ್ತಿದ್ದರು.

ನನ್ನ ಹೆಂಡತಿ ನಕ್ಕಳು. "ಇದೇನ್ ಚೀನಾ ಭಾಷಿ? ನಮ್ಮ ಸಾವಕಾಶ ಅಲ್ಲೇನ್ರಿ! ಸಾವಕಾಶ ಉಣ್ರಿ, ಸಾವಕಾಶ ಹೋಗ್ರಿ."

ಬರೀ ಮಾತಾಗಿದ್ದರೆ ಚೆನ್ನಾಗಿತ್ತು. ಬಾಗಿಲಲ್ಲೇ ನಿಂತು ಕಳಿಸುವುದು ಅಜ್ಜಿಯ ಪ್ರಕಾರ ಮರ್ಯಾದೆಯಲ್ಲ. ಬಸ್ ಸ್ಟಾಪಿನವರೆಗೂ ಬರಬೇಕು. ಮೊಣಕಾಲು ನೋವಿನ ಹಿರಿಯರನ್ನು ಹಿಮದಲ್ಲಿ ಒಂಟಿಯಾಗಿ ವಾಪಸ್ ಕಳಿಸುವುದು ನಮ್ಮ ಕಡೆ ಮರ್ಯಾದೆಯಲ್ಲ.

ನಾನು ಕೆಲಸಕ್ಕಿದ್ದ ಕಂಪನಿ ಮುಚ್ಚಿತು. ಬೇರೆ ಕೆಲಸ ಸಿಗದಿದ್ದರೆ ಗಂಟುಮೂಟೆ ಕಟ್ಟಬೇಕು ಎನ್ನುವಾಗ ದೂರದ ಫೊಯರ್‌ಬಾಕ್ ಊರಿನ ಕಾರು ಬಿಡಿಭಾಗಗಳ ಕಂಪನಿಯಿಂದ ಇಂಟರ್‌ವ್ಯೂಗೆ ಕರೆ ಬಂತು. ಆ ಬೆಳಿಗ್ಗೆ ಅಜ್ಜಿ ನನ್ನನ್ನು ಸ್ಟಾಪಿಗೆ ಬಿಟ್ಟರು. ನಾನು ಅವರನ್ನು ಮನೆಗೆ ಬಿಟ್ಟೆ. ಮನೆವರೆಗೂ ಬಂದವನನ್ನು ಹಾಗೇ ಕಳಿಸುವುದುಂಟೇ? ಮತ್ತೆ ಸ್ಟಾಪು. ಮತ್ತೆ ಮನೆ.

ಹೆಂಡತಿ ಕಿಟಕಿಯಿಂದ ಕೂಗಿದಳು: "ರೀ, ಇಂಟರ್‌ವ್ಯೂಕ ಹೊಂಟೀರೊ, ಅಜ್ಜಿಗೆ ಪ್ರದಕ್ಷಿಣಿ ಹಾಕಾಕ್ ಹತ್ತೀರೊ?"

ಅಷ್ಟರಲ್ಲಿ ಬಸ್ಸು ಹೋಯಿತು, ಅದರ ಹಿಂದೆ ರೈಲೂ.

ಜರ್ಮನಿಯಲ್ಲಿ ತಡವಾಗಿ ಹೋಗುವುದಕ್ಕಿಂತ ಹೋಗದಿರುವುದೇ ಲೇಸು. ಆದರೂ ಮುಂದಿನ ರೈಲು ಹಿಡಿದೆ. ಸುಳ್ಳೊಂದೂ ಹೊಳೆಯದೆ ನಡೆದದ್ದನ್ನೇ ಒದರಿದೆ. ಮೇಜಿನಾಚೆಯ ಹಿರಿಯರು ಕನ್ನಡಕ ತೆಗೆದು, ಕಣ್ಣೊರೆಸಿಕೊಂಡು ನಕ್ಕರು.

"ಇದು ಬ್ರೇಕ್ ವಿಭಾಗ. ನಿಧಾನಕ್ಕೆ ಇಷ್ಟು ಬೆಲೆ ಕೊಡುವವರು ನಮಗೂ ಬೇಕು. ಕೂತುಕೊಳ್ಳಿ," ಎಂದು ಪ್ರಶ್ನೆ ಶುರುಮಾಡಿದರು.

ಕೆಲಸ ಸಿಕ್ಕಿತು. ಸುದ್ದಿ ಹೇಳಿದರೆ ಅಜ್ಜಿ, "ಮತ್ತೆ? ನಾನು ಬಿಡಲು ಬಂದಿರಲಿಲ್ಲವೇ?" ಎಂದು ಚಹಾ ಹೀರಿದರು. ಆ ದೇಶದಲ್ಲಿ ನಾವು ಉಳಿದದ್ದು ಅವರ ಪುಣ್ಯದಿಂದ ಎಂದೇ ನಾನು ಇಂದಿಗೂ ನಂಬಿದ್ದೇನೆ.

ವರ್ಷಗಳ ಮೇಲೆ ಅಜ್ಜಿ ತೀರಿಕೊಂಡರು. ಕೆಲಸದ ಊರಿಗೆ ಮನೆ ಬದಲಿಸಿದ್ದ ನಾವು ಮಣ್ಣಿಗೆ ಫೊಯರ್‌ಬಾಕ್‌ನಿಂದ ಹೋದೆವು. ಪೆಟ್ಟಿಗೆ ಹೊತ್ತವರಿಗೆ ಏನು ಅವಸರವೋ, ಸರಸರ ನಡೆದರು. "ಮಾನ್ ತ್ಸೌ," ಎಂದು ನನ್ನ ಬಾಯಿಂದ ಜೋರಾಗಿಯೇ ಬಂತು. ಹೆಂಡತಿ ಅಳುತ್ತ, "ಸಾವಕಾಶ ಹೋಗ್ರಿ, ಅಜ್ಜಿ," ಎಂದಳು.

ಅಜ್ಜಿಯನ್ನು ಅವರ ಜಾಗದವರೆಗೂ ಹೋಗಿ ಬಿಟ್ಟೆವು. ಹೊರಡುವಾಗ ಸ್ಮಶಾನದ ಗೇಟಿನಲ್ಲಿ ತಿರುಗಿ ನೋಡಿದೆ. ನನ್ನನ್ನು ಸ್ಟಾಪಿಗೆ ಬಿಡಲು ಅಜ್ಜಿ ಬರಲಿಲ್ಲ.